ಮಂಡಿ ನೋಡುವವಳ ಮಂಡಿ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ಕೇಳುವುದೇ ಲಿಂಗುಮರಿಯ ವಿಷಯ. ಮೀಸೆ ನರೆತ ಗಂಡಸೊಬ್ಬ ಬಸ್ಸಿನ ಕಿಟಕಿ ಪಕ್ಕ ಕೂತು ಹಾಫ್ ಟಿಕೆಟ್ ಕೇಳುವುದು, ಕಂಡಕ್ಟರ್ ಮರುಮಾತಿಲ್ಲದೆ ಹರಿದುಕೊಡುವುದು ಕಂಡರೆ ಯಾರಾದರೂ ಕೇಳದೆ ಇರುತ್ತಾರೆಯೇ? ಅವನ ಪೂರ್ತಿ ಹೆಸರು ಸಿದ್ಧಲಿಂಗ. ವಯಸ್ಸು ಐವತ್ತನಾಲ್ಕು. ಅವನ ಮಂಡಿಯ ಮೇಲೆ ಕಲೆ ಇಲ್ಲ, ಅಷ್ಟೇ. ಕಲೆ ಇಲ್ಲದವನು ದೊಡ್ಡವನಲ್ಲ. ಹಾಗಾಗಿ ಬಸ್ಸಿನಲ್ಲಿ ಅರ್ಧ ಟಿಕೆಟ್ಟು, ಅಂಗಡಿಯಲ್ಲಿ ಬೀಡಿ ಕೇಳಿದರೆ ಪೆಪ್ಪರ್‌ಮಿಂಟು, ಬ್ಯಾಂಕಿಗೆ ಹೋದರೆ ಪಕ್ಕದಲ್ಲಿ ಎಪ್ಪತ್ತೆಂಟು ವರ್ಷದ ತಾಯಿ. ಏಳನೇ ಕ್ಲಾಸಿನಲ್ಲಿ ಒಂಬತ್ತು ವರ್ಷ ಕೂತ. ಕೊನೆಗೆ ಬೆಂಚು ಮುರಿದ ಮೇಲೆ ಮೇಷ್ಟ್ರೇ ಕೈಮುಗಿದು ಮನೆಗೆ ಕಳಿಸಿದರು.

ಹದಿಮೂರು ತುಂಬಿದ ಮಕ್ಕಳೆಲ್ಲ ಮಂಡಿ ಹುಣ್ಣಿಮೆಯ ಬೆಳಿಗ್ಗೆ ಚಾವಡಿಗೆ ಬರಬೇಕು. ಕಲ್ಲುಬೆಂಚಿನ ಮೇಲೆ ಕೂತು ಕಾಲು ಚಾಚಿ, ಆಡುವಾಗ ಬಿದ್ದು ಆದ ಗಾಯದ ಕಲೆ ತೋರಿಸಬೇಕು. ಹೇಗೆ ಬಿದ್ದೆ ಎಂದು ಹೇಳಬೇಕು. ಕಲೆ ಖರೆ ಎನಿಸಿದರೆ ಪುಸ್ತಕದಲ್ಲಿ ಹೆಸರು ಬರೆಯುತ್ತಾರೆ, ಮಗು ದೊಡ್ಡದಾಯಿತು, ಮಾರನೆಯ ದಿನದಿಂದ ಸೇತುವೆ ದಾಟಿ ಆಚೆಕಡೆಯ ಹೈಸ್ಕೂಲಿಗೆ ಒಬ್ಬರೇ ಹೋಗಬಹುದು. ಕಲೆ ಇಲ್ಲದವರು ಮತ್ತೆ ಏಳನೇ ಕ್ಲಾಸಿನಲ್ಲೇ ಕೂರಬೇಕು, ಏಕೆಂದರೆ ಮಕ್ಕಳು ಒಂಟಿಯಾಗಿ ಸೇತುವೆ ದಾಟುವಂತಿಲ್ಲ. ಮುಂದಿನ ವರ್ಷ ಬಂದು ತೋರಿಸಬಹುದು, ಬೇಡ ಅನ್ನುವವರಿಲ್ಲ. ಆದರೆ ಹದಿಮೂರರವರೆಗೆ ಬೀಳದವರು ಆಮೇಲೆ ಎಲ್ಲಿ ಬೀಳುತ್ತಾರೆ?

ಆ ಕಲ್ಲುಬೆಂಚಿನ ಎದುರು ಮಣೆ ಹಾಕಿಕೊಂಡು ಕೂತು ಮಂಡಿ ನೋಡುವವಳು ನಾನು, ಚೆನ್ನಾಜಮ್ಮ. ಮೂವತ್ತೊಂದು ವರ್ಷದಿಂದ ನೋಡುತ್ತಿದ್ದೇನೆ. ನನ್ನ ಪಕ್ಕ ಪುಸ್ತಕ ಹಿಡಿದು ಕೂರುವ ಗುಮಾಸ್ತ ನನ್ನ ತಮ್ಮ ಮರಿಸ್ವಾಮಿ. ನಾನು ಹೆಬ್ಬೆರಳಿನಿಂದ ಕಲೆಯನ್ನು ಒತ್ತಿ, "ಹೇಗಾಯ್ತು ಹೇಳು" ಅನ್ನುತ್ತೇನೆ. ಆಡಿ ಬಿದ್ದ ಮಗು ಹೇಳುತ್ತಾ ಹೇಳುತ್ತಾ ತಾನೇ ನಗುತ್ತದೆ. ಬೇರೆ ಥರ ಬಿದ್ದ ಮಗು ಅಮ್ಮನ ಮುಖ ನೋಡುತ್ತದೆ. ಈ ಗುಟ್ಟು ನನಗೊಬ್ಬಳಿಗೇ ಗೊತ್ತಿತ್ತು. ಅದು ಹೇಗೆ ಗೊತ್ತಾಯಿತು ಅನ್ನುವುದನ್ನು ಆಮೇಲೆ ಹೇಳುತ್ತೇನೆ, ಅವಸರ ಮಾಡಬೇಡಿ.

ಮೊದಲೆಲ್ಲ ನನ್ನ ಕೆಲಸ ಸುಲಭವಿತ್ತು. ಒಂದೊಂದು ಮಂಡಿಯಲ್ಲಿ ಮೂರು ಮೂರು ಕಲೆ. ಯಾವುದನ್ನು ತೋರಿಸಲಿ ಎಂದು ಮಕ್ಕಳೇ ಕೇಳುತ್ತಿದ್ದವು. ಈಗ ನೋಡಿ, ಸುಲಿದ ಮೊಟ್ಟೆಯ ಹಾಗೆ ಮಂಡಿಗಳು. ಹೋದ ವರ್ಷ ಹನ್ನೊಂದು ಮಕ್ಕಳನ್ನು ವಾಪಸು ಕಳಿಸಿದೆ. ತಂದೆತಾಯಿಗಳು ಮಾಡದ ಆಟವಿಲ್ಲ. ಒಬ್ಬರು ಗೇರೆಣ್ಣೆ ಹಚ್ಚಿ ಮಗುವಿನ ಮಂಡಿ ಸುಡಿಸಿಕೊಂಡು ಬಂದರು, ಅವರಿಗೆ ಚಾವಡಿಯಲ್ಲೇ ಚೆನ್ನಾಗಿ ಬೈದೆ. ಇನ್ನೊಬ್ಬರು ಮೆಹಂದಿ ಹಾಕುವವಳ ಕೈಯಲ್ಲಿ ಕಲೆ ಬರೆಸಿದ್ದರು. ಪಾಪ, ಅವಳು ಅಭ್ಯಾಸಬಲದಿಂದ ಕಲೆಯ ಸುತ್ತ ಒಂದು ಬಳ್ಳಿಯನ್ನೂ ಎಳೆದಿದ್ದಳು.

ಇದಕ್ಕೆಲ್ಲ ಕಿರೀಟವಿಟ್ಟ ಹಾಗೆ ಗುರುಪಾದ ಮೇಷ್ಟ್ರು ಬೀಳುವ ಕ್ಲಾಸು ಶುರು ಮಾಡಿದರು. ಸೋಮವಾರ, ಬುಧವಾರ, ಶುಕ್ರವಾರ. ನೆಲಕ್ಕೆ ನೀಲಿ ಮ್ಯಾಟು, ತಲೆಗೆ ಹೆಲ್ಮೆಟ್ಟು, ಮಂಡಿಗೆ ಪಟ್ಟಿ. ಎಡಕ್ಕೆ ಬೀಳುವುದು, ಬಲಕ್ಕೆ ಬೀಳುವುದು, ಎಡವಿ ಬೀಳುವುದು ಎಂದು ಮೂರು ಹಂತ. ಎರಡು ವರ್ಷ ಕಲಿತ ಮಕ್ಕಳು ಎಷ್ಟು ಚೆನ್ನಾಗಿ ಬೀಳಲು ಕಲಿತವೆಂದರೆ, ಎಲ್ಲಿ ಹೇಗೆ ಬಿದ್ದರೂ ಒಂದು ಗೀರೂ ಆಗುತ್ತಿರಲಿಲ್ಲ. ಮೇಷ್ಟ್ರಿಗೆ ಅದೇ ಹೆಮ್ಮೆ. ಕಲೆ ಬೇಕಾಗಿತ್ತು ಅನ್ನುವುದು ಅವರಿಗೂ ಮರೆತಿತ್ತು, ತಂದೆತಾಯಿಗಳಿಗೂ ಮರೆತಿತ್ತು.

ಹುಣ್ಣಿಮೆಯ ದಿನ ಮಂಡಿ ನೋಡಿ ಮುಗಿದ ಮೇಲೆ ನನ್ನದೊಂದು ಭಾಷಣ ಇರುತ್ತಿತ್ತು. ನಮ್ಮ ಕಾಲದಲ್ಲಿ ಲಗೋರಿ, ನಮ್ಮ ಕಾಲದಲ್ಲಿ ಚಿನ್ನಿದಾಂಡು, ನಮ್ಮ ಕಾಲದಲ್ಲಿ ಕುಂಟೆಬಿಲ್ಲೆ, ಹುಣಸೆಮರದ ಕೊಂಬೆಗೆ ಜೋತುಬಿದ್ದದ್ದು, ಉಪ್ಪುಖಾರ ಹಚ್ಚಿದ ಮಾವಿನಕಾಯಿ, ಬಾವಿಗೆ ಧುಮುಕಿದ್ದು. ಈಗಿನ ಮಕ್ಕಳಿಗೆ ಏನಿದೆ, ಒಂದು ಫೋನು, ಎರಡು ಹೆಬ್ಬೆರಳು. ಅರ್ಧ ಗಂಟೆ ಬಿಡದೆ ಹೇಳಿ ಕೊನೆಗೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಚೆನ್ನಾಜಮ್ಮನವರ ಬಾಲ್ಯ ಅಂದರೆ ಬಾಲ್ಯ ಎಂದು ಊರಲ್ಲೆಲ್ಲ ಹೆಸರಾಗಿತ್ತು.

ಹಾಗಿರುವಾಗ ನನ್ನ ಮೊಮ್ಮಗಳು ಸಿಂಚನಳಿಗೇ ಹದಿಮೂರು ತುಂಬಿತು. ಅಬ್ಯಾಕಸ್ಸು, ಕೀಬೋರ್ಡು, ಅಕ್ಷರ ದುಂಡಗೆ ಮಾಡುವ ಕ್ಲಾಸು, ಮೇಷ್ಟ್ರ ಬೀಳುವ ಕ್ಲಾಸು, ಎಲ್ಲಕ್ಕೂ ಹೋಗುವ ಹುಡುಗಿ. ಹುಣ್ಣಿಮೆಗೆ ಎಂಟು ದಿನ ಇತ್ತು. ಎರಡು ಮಂಡಿಯೂ ಬೆಳ್ಳಿಲೋಟದ ಹಾಗೆ ಥಳಥಳ. ಹೈಸ್ಕೂಲಿನ ನೀಲಿ ಚೂಡಿದಾರ ಆಗಲೇ ಹೊಲಿಸಿಟ್ಟಿದ್ದರು. ಹುಡುಗಿ ದಿನಾ ಅದನ್ನು ಬೀರುವಿನಿಂದ ತೆಗೆದು ಮೈಮೇಲೆ ಹಿಡಿದುಕೊಂಡು ಕನ್ನಡಿ ನೋಡುವುದು, ಆಮೇಲೆ ಮಂಡಿ ನೋಡಿಕೊಳ್ಳುವುದು, ಮತ್ತೆ ಮಡಿಸಿ ಇಡುವುದು. ಅವಳ ಜೊತೆಯವರೆಲ್ಲ ಸೇತುವೆ ದಾಟಿ, ಇವಳೊಬ್ಬಳು ಏಳನೇ ಕ್ಲಾಸಿನಲ್ಲಿ ಚಿಕ್ಕ ಮಕ್ಕಳ ನಡುವೆ ಕೂರುವುದನ್ನು ನೆನೆದು ನಾನೂ ಕದ್ದು ಕದ್ದು ಅವಳ ಮಂಡಿ ನೋಡುತ್ತಿದ್ದೆ.

ಸೊಸೆ ಭವ್ಯ ಒಂದು ಮಧ್ಯಾಹ್ನ ಕಾಫಿ ತಂದುಕೊಟ್ಟಳು. ಅವಳು ಕೇಳದೆ ಕಾಫಿ ತಂದುಕೊಟ್ಟಳೆಂದರೆ ಏನೋ ಇದೆ ಅಂತಲೇ ಅರ್ಥ.

"ನೋಡೋದು ನೀವೇ ತಾನೆ ಅತ್ತೆ. ಅವತ್ತು ಸ್ವಲ್ಪ ಕಣ್ಣು ಮಂಜಾಗಿತ್ತು ಅಂದ್ಕೊಳಿ" ಎಂದಳು.

ನಾನು ಲೋಟ ಕೆಳಗಿಟ್ಟು, ಮೂವತ್ತೊಂದು ವರ್ಷದ ಮರ್ಯಾದೆ, ಊರಿನ ಕಟ್ಟು, ನನಗಿಂತ ಮೊದಲು ಮಂಡಿ ನೋಡುತ್ತಿದ್ದ ಬೋರಜ್ಜ ನನ್ನನ್ನು ನಂಬಿ ಕೊಟ್ಟುಹೋದ ಮಣೆ, ಎಲ್ಲದರ ಬಗ್ಗೆ ಒಂದು ದೊಡ್ಡ ಉಪದೇಶ ಕೊಟ್ಟೆ. ನನ್ನ ಮೊಮ್ಮಗಳಾದರೇನು, ಹೋದ ವರ್ಷದ ಹನ್ನೊಂದು ಮಕ್ಕಳಿಗೂ ಅಜ್ಜಿಯರಿರಲಿಲ್ಲವೇ ಅಂದೆ. ಭವ್ಯ ಅರ್ಧ ಕುಡಿದಿದ್ದ ಕಾಫಿಯನ್ನು ಎತ್ತಿಕೊಂಡು ಹೋದಳು. ಕಾಫಿ ಹೋದದ್ದಕ್ಕೆ ನಿಜವಾಗಿಯೂ ಬೇಜಾರಾಯಿತು.

ಸುಳ್ಳು ಹೇಳುವುದಿಲ್ಲ ಅಂದಮೇಲೆ ನಿಜವಾದ ಕಲೆಯನ್ನೇ ಮಾಡಿಸಬೇಕು. ಮಾರನೆಯ ಸಂಜೆ ಸಿಂಚನಳನ್ನು ಕರೆದುಕೊಂಡು ಹಳೇ ಅಕ್ಕಿಗಿರಣಿಯ ಹಿಂದಿನ ಕಣಕ್ಕೆ ಹೋದೆ. ಭತ್ತ ಒಣಗಿಸುತ್ತಿದ್ದ ಜಾಗ, ಸಿಮೆಂಟು ಎದ್ದು ಒರಟಾಗಿದೆ. ಬಿದ್ದರೆ ಚೆನ್ನಾಗಿ ತರಚುವಂಥ ನೆಲ. ಕುಂಟೆಬಿಲ್ಲೆ ಆಡೋಣ ಬಾ ಎಂದು ಇದ್ದಿಲಿನಲ್ಲಿ ಮನೆಗಳನ್ನು ಬರೆದೆ. ಬಿಲ್ಲೆಗೆ ಒಂದು ಹೆಂಚಿನ ಚೂರು ಹುಡುಕಿದೆ.

ಹುಡುಗಿಗೆ ಉತ್ಸಾಹ ಬಂತು. ಬಿಲ್ಲೆ ಎಲ್ಲಿ ಹಾಕಬೇಕು ಅಂದಳು. ಎಲ್ಲಿ ಬೇಕಾದರೂ ಹಾಕು ಅಂದೆ. ಯಾವ ಕಾಲಲ್ಲಿ ಕುಂಟಬೇಕು ಅಂದಳು. ಯಾವುದು ನೋಯುವುದಿಲ್ಲವೋ ಅದರಲ್ಲಿ ಅಂದೆ. ಗೆರೆ ತುಳಿದರೆ ಏನಾಗುತ್ತೆ ಅಂದಳು. ಏನೂ ಆಗಲ್ಲ, ಬೇಗ ಬೀಳು ಅಂದೆ.

ಸಿಂಚನ ಒಂಟಿಕಾಲಿನಲ್ಲೇ ನಿಂತು ನನ್ನ ಮುಖ ನೋಡಿದಳು. ಅಬ್ಯಾಕಸ್ ಕಲಿತ ಹುಡುಗಿ, ಲೆಕ್ಕ ತಪ್ಪಿದರೆ ಗೊತ್ತಾಗುತ್ತದೆ.

"ಅಜ್ಜಿ, ನಿಂಗೆ ಕುಂಟೆಬಿಲ್ಲೆ ಆಡಕ್ಕೆ ಬರಲ್ಲ" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಅಧಿಕಪ್ರಸಂಗಿ, ನಿನ್ನ ವಯಸ್ಸಿನಲ್ಲಿ ನಾನು, ಎಂದು ಶುರು ಮಾಡಿದವಳು ಗಿರಣಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಐವತ್ತು ವರ್ಷದಿಂದ ಯಾರಿಗೂ ಹೇಳದ್ದನ್ನು ಆ ಹದಿಮೂರರ ಹುಡುಗಿಗೆ ಹೇಳಿದೆ.

ನನಗೆ ಕುಂಟೆಬಿಲ್ಲೆಯೂ ಗೊತ್ತಿಲ್ಲ, ಲಗೋರಿಯೂ ಗೊತ್ತಿಲ್ಲ. ನಾನು ಮನೆಯ ಹಿರೇಮಗಳು. ಕಂಕುಳಲ್ಲಿ ಯಾವಾಗಲೂ ಒಂದು ಕೂಸು ಇರುತ್ತಿತ್ತು. ಒಂದು ಇಳಿದು ನಡೆಯಲು ಕಲಿತರೆ ಇನ್ನೊಂದು ಹತ್ತುತ್ತಿತ್ತು. ಒಂಬತ್ತನೇ ವರ್ಷದಲ್ಲಿ, ತಲೆ ಮೇಲೆ ನೀರಿನ ಗಡಿಗೆ, ಸೊಂಟದ ಮೇಲೆ ವರ್ಷದ ಮರಿಸ್ವಾಮಿಯನ್ನು ಹೊತ್ತುಕೊಂಡು ಬರುವಾಗ ಬಾವಿಯ ಮೆಟ್ಟಿಲಲ್ಲಿ ಜಾರಿದೆ. ಕೂಸನ್ನು ಮೇಲಕ್ಕೆತ್ತಿ ಹಿಡಿದು ಮಂಡಿಯ ಮೇಲೆ ಬಿದ್ದೆ. ಮಂಡಿ ಬಿರಿಯಿತು, ಗಡಿಗೆ ಒಡೆಯಿತು, ಕೂಸಿಗೆ ಏನೂ ಆಗಲಿಲ್ಲ. ಮನೆಯಲ್ಲಿ ಗಡಿಗೆಗಾಗಿ ಹೊಡೆದರು. ಹದಿಮೂರಕ್ಕೆ ಅದೇ ಕಲೆಯನ್ನು ಚಾವಡಿಯಲ್ಲಿ ತೋರಿಸಿ, ಕುಂಟೆಬಿಲ್ಲೆ ಆಡುವಾಗ ಬಿದ್ದೆ ಎಂದು ಹೇಳಿ ನಕ್ಕೆ. ಆ ನಗುವನ್ನು ಹಂಡೆಯ ನೀರಿನಲ್ಲಿ ನೋಡಿಕೊಂಡು ನಾಲ್ಕು ದಿನ ಅಭ್ಯಾಸ ಮಾಡಿದ್ದೆ. ನಗುವಾಗ ಅಮ್ಮನ ಮುಖ ನೋಡಬೇಕು ಅಂತ ಜೀವ ಒದ್ದಾಡಿತು, ನೋಡಲಿಲ್ಲ. ಬೋರಜ್ಜನ ಕಣ್ಣು ಮಂಜಾಗಿತ್ತು, ಬರೆಸಿಬಿಟ್ಟ. ಸುಳ್ಳು ಹೇಳುವ ಮಕ್ಕಳು ನನಗೆ ಸಿಕ್ಕಿಬೀಳುತ್ತಿದ್ದುದು ಇದಕ್ಕೇ. ಭಾಷಣದ ಲಗೋರಿ, ಮಾವಿನಕಾಯಿ, ಹುಣಸೆಮರ ಎಲ್ಲ ಮಕ್ಕಳು ಕಲ್ಲುಬೆಂಚಿನ ಮೇಲೆ ಕೂತು ಹೇಳಿದ್ದು. ನಾನು ಹೆಕ್ಕಿಕೊಂಡಿದ್ದೆ.

ಸಿಂಚನ ನನ್ನ ಪಕ್ಕ ಬಂದು ಕೂತಳು. ಆಮೇಲೆ, "ಹಾಗಾದ್ರೆ ನೀನೂ ಲಿಂಗುಮರಿ ಥರಾನೇ" ಎಂದಳು.

"ಎಂಟು ಮನೆ ಇರ್ಬೇಕು ಚೆನ್ನಾಜಮ್ನೋರೆ. ನೀವು ಆರೇ ಬರ್ದಿದೀರ" ಎಂದು ಹಿಂದಿನಿಂದ ಒಂದು ದನಿ ಬಂತು.

ತಿರುಗಿ ನೋಡಿದೆ. ಗಿರಣಿಯ ಬಾಗಿಲಲ್ಲಿ ಪೆಪ್ಪರ್‌ಮಿಂಟು ಚೀಪುತ್ತ ಸಾಕ್ಷಾತ್ ಲಿಂಗುಮರಿಯೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಯಾರಿಗೂ ಹೇಳಬೇಡ ಮಾರಾಯ ಎಂದು ಅಂಗಲಾಚಿದೆ. ಅವನು ನಗಲಿಲ್ಲ. ತಾನು ಹೇಳಿದರೆ ಯಾರು ನಂಬುತ್ತಾರೆ, ಮಕ್ಕಳ ಮಾತು ಅಂತಾರೆ ಅಂದ. ಆಮೇಲೆ ಇದ್ದಿಲು ಇಸಿದುಕೊಂಡು, ನನ್ನ ಗೆರೆಗಳನ್ನೆಲ್ಲ ಕಾಲಿನಿಂದ ಒರೆಸಿ, ನೂಲು ಹಿಡಿದ ಹಾಗೆ ಎಂಟು ಮನೆ ಬರೆದ. ಮೈಗೆ ಧೂಳು ತಾಗುತ್ತದೆಂದು ಅವನ ತಾಯಿ ಅವನನ್ನು ಹದಿಮೂರು ವರ್ಷ ಶಾಲೆಗಲ್ಲದೆ ಉಪ್ಪರಿಗೆಯಿಂದ ಇಳಿಸಿರಲಿಲ್ಲ. ಕಿಟಕಿಯ ಸರಳು ಹಿಡಿದು ಬೀದಿ ನೋಡುತ್ತ ನಿಂತಿದ್ದವನಿಗೆ ಊರಿನ ಪ್ರತಿ ಆಟದ ಪ್ರತಿ ಕಾನೂನೂ ಬಾಯಿಪಾಠವಾಗಿತ್ತು. ಒಂದನ್ನೂ ಆಡಿರಲಿಲ್ಲ, ಅಷ್ಟೇ.

ಅವತ್ತಿನಿಂದ ಏಳು ಸಂಜೆ ನಾವು ಮೂವರೂ ಆಡಿದೆವು. ಕುಂಟುತ್ತ ಎಂಟೂ ಮನೆ ದಾಟಿ ಬಂದ ಮೇಲೆ ಹಣೆಯ ಮೇಲೆ ಬಿಲ್ಲೆ ಇಟ್ಟು, ಕಣ್ಣು ಮುಚ್ಚಿ, ಗೆರೆ ತುಳಿಯದೆ "ರೈಟಾ?" ಎಂದು ಕೇಳುತ್ತ ನಡೆಯಬೇಕು. ಐವತ್ತನಾಲ್ಕರ ಲಿಂಗುಮರಿ ಹಾಗೆ ನಡೆಯುವಾಗ ಸಿಂಚನ ಬೇಕೆಂದೇ "ರೈಟು, ರೈಟು" ಎಂದು ಹೇಳಿ ಅವನನ್ನು ಗಿರಣಿಯ ಕಂಬಕ್ಕೆ ಮುಟ್ಟಿಸಿದಳು. ಆಟ ಮುಗಿಸಿದವರು ಹಿಂದಕ್ಕೆ ತಿರುಗಿ ತಲೆಯ ಮೇಲಿಂದ ಬಿಲ್ಲೆ ಎಸೆಯಬೇಕು, ಅದು ಬಿದ್ದ ಮನೆ ಅವರದು. ಸ್ವಂತ ಮನೆಯಲ್ಲಿ ಎರಡು ಕಾಲೂ ಊರಿ ನಿಲ್ಲಬಹುದು. ನನಗೆ ಎರಡನೇ ದಿನ ಒಂದು ಮನೆ ಸಿಕ್ಕಿತು. ಅಲ್ಲಿ ಎರಡು ಕಾಲೂ ಊರಿ ನಿಂತಾಗ ಆದ ಸುಖ ಗೃಹಪ್ರವೇಶದ ದಿನವೂ ಆಗಿರಲಿಲ್ಲ.

ಮೋಸ ಮಾಡುವುದನ್ನು ನನಗೆ ಯಾರೂ ಕಲಿಸಬೇಕಾಗಲಿಲ್ಲ. ಗೆರೆ ತುಳಿದು ಇಲ್ಲವೆಂದು ವಾದಿಸಿದೆ. ಲಿಂಗುಮರಿ ಬಗ್ಗಿ ಹೆಜ್ಜೆಯ ಗುರುತನ್ನೇ ತೋರಿಸಿದ. ಅವನಿಗೆ ಠೂ ಬಿಟ್ಟೆ. ಒಂದಿಡೀ ದಿನ ಮಾತಾಡಲಿಲ್ಲ. ಮಾರನೆಯ ದಿನ ಅವನೇ ಅರ್ಧ ಕಚ್ಚಿದ ಪೆಪ್ಪರ್‌ಮಿಂಟು ಕೊಟ್ಟು ರಾಜಿಯಾದ. ಮನೆಯಲ್ಲಿ ಭವ್ಯ, ಅತ್ತೆ ಏನೋ ಸ್ಪೆಷಲ್ ಟ್ಯೂಷನ್ ಕೊಡುತ್ತಿದ್ದಾರೆ ಎಂದುಕೊಂಡು ಕೇಳದೆಯೇ ಕಾಫಿ ಕೊಡುತ್ತಿದ್ದಳು.

ಆದರೆ ಬಂದ ಕೆಲಸ ಮಾತ್ರ ಆಗುತ್ತಿರಲಿಲ್ಲ. ಸಿಂಚನ ದಿನಕ್ಕೆ ಹತ್ತು ಸಲ ಬೀಳುತ್ತಿದ್ದಳು. ಬೀಳುವಾಗ ಮೇಷ್ಟ್ರು ಕಲಿಸಿದ ಹಾಗೆ ಮೈ ತಾನೇ ಉರುಳುತ್ತಿತ್ತು, ಎದ್ದು ಧೂಳು ಕೊಡವಿದರೆ ಮಂಡಿ ಹಾಗೇ ಬೆಳ್ಳಿಲೋಟ. ಬೇಕೆಂದು ಬಿದ್ದರೂ ಆಗಲಿಲ್ಲ. ಗುರುಪಾದ ಮೇಷ್ಟ್ರ ಮನೆ ಹಾಳಾಗ, ಎಷ್ಟು ಚೆನ್ನಾಗಿ ಕಲಿಸಿದ್ದ!

ಹುಣ್ಣಿಮೆಯ ಹಿಂದಿನ ಸಂಜೆ ನನಗೆ ಇನ್ನೊಂದು ಮನೆ ಸಿಕ್ಕಿದರೆ ಗೆಲುವು ನನ್ನದಿತ್ತು. ಸೀರೆ ಎತ್ತಿಕಟ್ಟಿ, ಒಂಟಿಕಾಲಿನಲ್ಲಿ ಆರು, ಏಳು ದಾಟಿ ಎಂಟಕ್ಕೆ ಹಾರಿದೆ ನೋಡಿ, ನೆರಿಗೆ ಕಾಲಿಗೆ ಸಿಕ್ಕಿ ಧೊಪ್ಪನೆ ಬಿದ್ದೆ. ಹೆಂಚಿನ ಚೂರು ಮಂಡಿಗೆ ಹೊಕ್ಕಿತು. ರಕ್ತ ಬಂತು. ಆದರೆ ಬಿದ್ದಿದ್ದು ಎಂಟನೇ ಮನೆಯ ಒಳಗೇ! ಗೆರೆ ತುಳಿದಿಲ್ಲ, ನೋಡಿ, ನೋಡಿ ಎಂದು ಕೂಗುತ್ತ ನಗತೊಡಗಿದೆ. ಲಿಂಗುಮರಿ ನಕ್ಕ, ಸಿಂಚನ ನಕ್ಕಳು, ಉಸಿರು ಕಟ್ಟುವವರೆಗೆ ನಕ್ಕೆವು. ಬಿದ್ದವರು ಹೀಗೆ ನಗಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ಸಾವಿರ ಮಕ್ಕಳ ನಗು ನೋಡಿದ್ದೆ, ಅದು ಒಳಗಿನಿಂದ ಹೇಗಿರುತ್ತದೆ ಅನ್ನುವುದು ಅವತ್ತೇ ತಿಳಿದದ್ದು.

ಮನೆಗೆ ಬರುವ ದಾರಿಯಲ್ಲಿ ಸಿಂಚನ ನನ್ನ ಕೈ ಹಿಡಿದುಕೊಂಡು ನಿಧಾನ ನಡೆಸುತ್ತಿದ್ದಳು.

"ನಾಳೆ ನನ್ನ ಫೇಲ್ ಮಾಡ್ತೀಯಾ ಅಜ್ಜಿ?" ಎಂದು ಕೇಳಿದಳು.

ನಾನು ಬಗ್ಗಿ ಮಂಡಿಯ ರಕ್ತ ಒರೆಸಿಕೊಂಡೆ.

ಬೆಳಿಗ್ಗೆ ಚಾವಡಿ ತುಂಬಿತ್ತು. ಮೊಮ್ಮಗಳ ಮಂಡಿಯನ್ನು ಚೆನ್ನಾಜಮ್ಮ ಏನು ಮಾಡುತ್ತಾಳೆ ನೋಡೋಣ ಎಂದು ಹೋದ ವರ್ಷದ ಹನ್ನೊಂದು ಮನೆಯವರೂ ಮುಂದಿನ ಸಾಲಿನಲ್ಲೇ ಕೂತಿದ್ದರು. ಸಿಂಚನ ಕೊನೆಯವಳು. ಬೆಂಚಿನ ಮೇಲೆ ಕೂತು ಕಾಲು ಚಾಚಿದಳು. ನಾನು ಹೆಬ್ಬೆರಳು ಇಟ್ಟೆ, ಒತ್ತಲು ಏನೂ ಇರಲಿಲ್ಲ. "ಹೇಗಾಯ್ತು ಹೇಳು" ಅಂದೆ.

"ಏನೂ ಆಗಿಲ್ಲ ಅಜ್ಜಿ" ಎಂದಳು. "ಎಷ್ಟು ಬಿದ್ರೂ ಆಗ್ಲಿಲ್ಲ. ಲಿಂಗುಮರಿ ಮಾತ್ರ ಹಣೆ ಮೇಲೆ ಬಿಲ್ಲೆ ಇಟ್ಕೊಂಡು ಕಂಬದ ಹತ್ರ ಹೋಗಿ ಕಂಬಾನೇ ರೈಟಾ ಅಂತ ಕೇಳ್ದ" ಎನ್ನುತ್ತ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಳು.

ಅವಳು ಅಮ್ಮನ ಮುಖ ನೋಡಲಿಲ್ಲ. ನಾನು ನೋಡುತ್ತಲೇ ಇದ್ದೆ, ಒಂದು ಸಲವೂ ನೋಡಲಿಲ್ಲ. ಮರಿಸ್ವಾಮಿ ಪೆನ್ನು ಹಿಡಿದು ಕಾಯುತ್ತಿದ್ದ. ಕಟ್ಟಿನ ಪ್ರಕಾರ ನಾನು ಇಲ್ಲ ಅನ್ನಬೇಕು. ಆಡಿದ ಮಗುವನ್ನು ಆಡದವಳು ಕೂತು ಇಲ್ಲ ಅನ್ನುವುದು ಎಂಥ ನ್ಯಾಯ? ನನಗೆ ನಾಚಿಕೆ ಆಯಿತು.

"ಐವತ್ತು ವರ್ಷದ ಹಿಂದಿನ ಪುಸ್ತಕ ತಗಿಯೋ ಮರಿಸ್ವಾಮಿ. ನನ್ನ ಹೆಸರು ಹೊಡೆದುಹಾಕು" ಅಂದೆ.

ಅವನು ಬಾಯಿ ಬಿಟ್ಟುಕೊಂಡು ನೋಡಿದ. ನಾನು ಎದ್ದು ನಿಂತು ಎಲ್ಲರೆದುರು ಹೇಳಿದೆ, ಕುಂಟೆಬಿಲ್ಲೆ ಸುಳ್ಳು, ಬಾವಿ ಮೆಟ್ಟಿಲು ನಿಜ. ಕಂಕುಳಲ್ಲಿದ್ದ ಕೂಸು ಯಾವುದು ಅನ್ನುವುದನ್ನು ಮಾತ್ರ ಹೇಳಲಿಲ್ಲ. ಆಮೇಲೆ ಮೆಲ್ಲಗೆ ಒಬ್ಬೊಬ್ಬರಿಗೂ ಲೆಕ್ಕ ಹೊಳೆಯತೊಡಗಿತು. ಚೆನ್ನಾಜಮ್ಮ ದೊಡ್ಡವಳೇ ಆಗಿರಲಿಲ್ಲ ಅಂದಮೇಲೆ ಮೂವತ್ತೊಂದು ವರ್ಷ ಅವಳು ನೋಡಿ ಬರೆಸಿದ ಮಂಡಿಗಳೆಲ್ಲ ಮಕ್ಕಳಾಟವಾಯಿತು. ಊರಿನಲ್ಲಿ ನಲವತ್ತನಾಲ್ಕರ ಕೆಳಗಿನವರೆಲ್ಲ ಒಂದೇ ಏಟಿಗೆ ಮಕ್ಕಳಾದರು. ಕಂಡಕ್ಟರು ಮಗು. ಪಂಚಾಯಿತಿ ಅಧ್ಯಕ್ಷ ಮಗು. ಬೀಳುವ ಕ್ಲಾಸಿನ ಗುರುಪಾದ ಮೇಷ್ಟ್ರು ಮಗು. ನನ್ನ ಮಗ ಮಗು, ಸೊಸೆ ಮಗು. ಅರ್ಧಕ್ಕರ್ಧ ಮದುವೆಗಳು ಬಾಲ್ಯವಿವಾಹವಾದವು. ಭವ್ಯ ತಾಳಿ ಹಿಡಿದುಕೊಂಡು, ಈಗ ನಾನು ಯಾರು ಎಂದು ಗಂಡನನ್ನು ಕೇಳುತ್ತಿದ್ದಳು. ಅವನೂ ಮಗುವಲ್ಲವೇ, ಅವನಿಗೇನು ಗೊತ್ತು.

ಗಲಾಟೆಯೋ ಗಲಾಟೆ. ನಲವತ್ತೈದು ದಾಟಿದವರು ಒಂದು ಮೂಲೆಯಲ್ಲಿ ಸೇರಿ ಗುಸುಗುಸು ಮಾತಾಡಿದರು. ಮರಿಸ್ವಾಮಿಗೆ ಐವತ್ತೈದು, ಬೋರಜ್ಜನ ಕಾಲದಲ್ಲಿ ಬರೆಸಿಕೊಂಡವನು, ಹಾಗಾಗಿ ಮಣೆ ಈಗ ಅವನದೇ ಎಂದಾಯಿತು. ಎಲ್ಲರಿಗೂ ಒಂದು ವರ್ಷ ಅವಕಾಶ, ಮುಂದಿನ ಮಂಡಿ ಹುಣ್ಣಿಮೆಗೆ ಎಲ್ಲರೂ ಮಂಡಿ ತೋರಿಸಬೇಕು ಎಂದು ಅವನು ಹೇಳಿದ. ಮತ್ತೆ ಸೇತುವೆ ದಾಟುವುದು ಹೇಗೆ, ಬಸ್ಸು ಓಡಿಸುವವನೇ ಮಗು ಎಂದು ಯಾರೋ ಕೇಳಿದರು. ಮರಿಸ್ವಾಮಿ ತಲೆ ಕೆರೆದುಕೊಂಡು, ಎರಡು ಅರ್ಧ ಸೇರಿದರೆ ಒಂದು ಪೂರ್ತಿ, ಇಬ್ಬರು ಮಕ್ಕಳು ಕೈ ಹಿಡಿದುಕೊಂಡರೆ ದಾಟಬಹುದು ಎಂದು ತೀರ್ಮಾನ ಕೊಟ್ಟ.

ಲಿಂಗುಮರಿ ತಾಯಿಯ ಪಕ್ಕದಿಂದ ಎದ್ದು ಬಂದು ಸಿಂಚನಳ ಹತ್ತಿರ ನಿಂತ. "ಎಂಟನೇ ಕ್ಲಾಸಿನ ಬೆಂಚು ಗಟ್ಟಿ ಇದ್ಯಂತಾ?" ಎಂದು ಕೇಳಿದ. ಅವಳು ನಗುತ್ತ ಅವನ ಕೈ ಹಿಡಿದುಕೊಂಡಳು. ನೀಲಿ ಚೂಡಿದಾರ ಇನ್ನು ಬೀರುವಿನಲ್ಲಿ ಕಾಯಬೇಕಿಲ್ಲ ಅಂದುಕೊಂಡೆ, ನನಗೆ ಅಷ್ಟು ಸಾಕಿತ್ತು.

ಜನ ಚದುರತೊಡಗಿದರು. ಮರಿಸ್ವಾಮಿ ನನ್ನ ಮಣೆಯ ಮೇಲೆ ಕೂತಿದ್ದ. ನನ್ನನ್ನು ಕಲ್ಲುಬೆಂಚಿನ ಮೇಲೆ ಕೂರು ಅಂದ. ಕೂತೆ. ನಿನ್ನೆಯ ಗಾಯ ತೋರಿಸು ಅಂದ. ಅರಿಶಿನ ಮೆತ್ತಿದ್ದ ಮಂಡಿ ತೋರಿಸಿದೆ. ಅವನು ಅದನ್ನು ನೋಡಲಿಲ್ಲ. ಇನ್ನೊಂದು ಮಂಡಿಯ ಹಳೇ ಕಲೆಯ ಮೇಲೆ ಹೆಬ್ಬೆರಳು ಇಟ್ಟ.

"ಕಂಕುಳಲ್ಲಿದ್ದಿದ್ದು ನಾನೇನಕ್ಕಾ?" ಎಂದು ಕೇಳಿದ.

ನಾನು ಹೂಂ ಅಂದೆ. ನೀನು ದಪ್ಪಗಿದ್ದೆ, ಭಾರ ಇದ್ದೆ ಅಂದೆ. ನಗಿಸೋಣ ಅಂತ ಹೇಳಿದ್ದು, ಅವನು ನಗಲಿಲ್ಲ. ಸ್ವಲ್ಪ ಹೊತ್ತು ಬೆರಳನ್ನು ಹಾಗೇ ಇಟ್ಟುಕೊಂಡಿದ್ದ. ಆಮೇಲೆ ಪುಸ್ತಕ ತೆರೆದು, ಹೊಸ ಗಾಯ ಖರೆ, ಬರೀಲಾ ಎಂದು ಕೇಳಿದ. ಬರೆದರೆ ನಾನು ಆ ಕ್ಷಣಕ್ಕೇ ದೊಡ್ಡವಳು, ಊರಿನಲ್ಲಿ ಮತ್ತೆ ಚೆನ್ನಾಜಮ್ಮನವರು. ಹೊರಗೆ ಚಾವಡಿಯ ಮುಂದೆ ಸಿಂಚನ ಇದ್ದಿಲಿನಲ್ಲಿ ಮನೆ ಬರೆಯುತ್ತಿದ್ದಳು. ಪಂಚಾಯಿತಿ ಅಧ್ಯಕ್ಷ ಪ್ಯಾಂಟು ಮಡಚಿಕೊಳ್ಳುತ್ತ, ಗೆರೆ ತುಳಿದರೆ ಏನಾಗುತ್ತೆ ಎಂದು ಲಿಂಗುಮರಿಯನ್ನು ಕೇಳುತ್ತಿದ್ದ.

"ಈ ವರ್ಷ ಬೇಡ ಕಣೋ" ಅಂದೆ.

ಮರಿಸ್ವಾಮಿ ಪೆನ್ನಿಗೆ ಕ್ಯಾಪು ಹಾಕಿದ. ಕಣ್ಣು ಒರೆಸಿಕೊಂಡ.

"ಹೋಗಕ್ಕ, ಆಡ್ಕೋ ಹೋಗು" ಎಂದ.

ನನ್ನ ಜನ್ಮದಲ್ಲಿ ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಸೀರೆ ಎತ್ತಿಕಟ್ಟಿಕೊಂಡು ಹೊರಟೆ.